ಒಂದು ಸರ ಮೆಣಸಿನಕಾಯಿ

ಫೋರ್ಟ್ ಲಪ್ಟನ್, ಕೊಲರಾಡೊ
19 ಆಗಸ್ಟ್ 2012

ಪ್ರೀತಿಯ ಲಿಡಿಯಾ ಅಕ್ಕನಿಗೆ,

ನಿನ್ನ ತಮ್ಮ ಇನ್ನೂ ಬದುಕಿದ್ದಾನೆ. ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಆಗಸ್ಟಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸಿ ಆಮೇಲೆ ಓದು. ನಿನ್ನ ಸೊಂಟದ ನೋವು ಹೇಗಿದೆ? ಆರೆಗಾನ್‌ನಲ್ಲಿ ಮಳೆ ನೋಡಿ ನೋಡಿ ಸಾಕಾಗಿದೆ ಎಂದು ಬರೆದಿದ್ದೀಯ, ಸ್ವಲ್ಪ ಇತ್ತ ಕಳಿಸಬಾರದೇ? ನನ್ನ ಮಂಡಿ ಹಾಗೇ ಇದೆ. ಕಳೆದ ಭಾನುವಾರ ಅಮ್ಮ ಮಾಡುತ್ತಿದ್ದ ಹಾಗೆ ಎಲೆಕೋಸು, ಮಾಂಸ ತುಂಬಿದ ಬನ್ನು ಮಾಡಲು ಹೋಗಿ ಎಲ್ಲವನ್ನೂ ಕರಕಲು ಮಾಡಿದೆ. ನಾಯಿ ಕೂಡ ಮೂಸಿ ನೋಡಿ ಆಚೆ ಹೋಯಿತು.

ಮೂವತ್ತು ವರ್ಷ ಕಾಲುವೆಯ ನೀರುಗಂಟಿಯಾಗಿದ್ದವನಿಗೆ ಜಲ್ಲಿ ಕಂಪನಿಯಲ್ಲಿ ಏನು ಕೆಲಸ ಎಂದು ನೀನು ಕೇಳಿದ್ದೆ. ಅದೇ ಕೆಲಸ, ನೀರು ಬಿಡುವುದು. ನದಿ ಪಕ್ಕದ ಹುಲ್ಲುಗಾವಲನ್ನು ಜಲ್ಲಿಗಾಗಿ ಅಗೆದರೆ ಹತ್ತಡಿಗೇ ನೀರು ಸಿಗುತ್ತದೆ. ಗುಂಡಿ ಕೆರೆಯಾಗುತ್ತದೆ, ಆ ಕೆರೆಯನ್ನು ಬಿಸಿಲು ಕುಡಿಯುತ್ತದೆ. ನೆಲದೊಳಗೇ ಇದ್ದಿದ್ದರೆ ಆ ನೀರು ಮೆಲ್ಲಗೆ ಜಿನುಗಿ ಪ್ಲಾಟ್ ನದಿಗೆ ಸೇರುತ್ತಿತ್ತು. ಹಾಗಾಗಿ ಬಿಸಿಲು ಕುಡಿದಷ್ಟನ್ನೂ ಕಂಪನಿ ನದಿಗೆ ವಾಪಸ್ ಕೊಡಬೇಕು, ಅದು ಇಲ್ಲಿಯ ಕಾನೂನು. ಅದಕ್ಕೆಂದೇ ಬೇರೆ ಕಡೆಯಿಂದ ತಂದ ನೀರನ್ನು ಒಂದು ಹಳೆಯ ಗುಂಡಿಯಲ್ಲಿ ತುಂಬಿಟ್ಟಿದ್ದಾರೆ. ಬೆಳಿಗ್ಗೆ ಆರಕ್ಕೆ ಹೋಗಿ, ಗೇಟಿನ ಚಕ್ರ ತಿರುಗಿಸಿ, ಅಳತೆಪಟ್ಟಿ ನೋಡಿ, ಆ ದಿನದ ಪಾಲನ್ನು ಬಿಡುವವನು ನಾನು. ಒಂದು ದಿನವೂ ಒಂದು ಹನಿ ಕಡಿಮೆ ಬಿಟ್ಟವನಲ್ಲ ಎಂಬ ಜಂಬ ನನಗಿತ್ತು.

ಜುಲೈನಲ್ಲಿ ಆ ಜಂಬ ಇಳಿಯಿತು. ಒಂದು ಬೆಳಿಗ್ಗೆ ಚಕ್ರದ ಹತ್ತಿರ ನಮ್ಮ ಯುಸೇಬಿಯೋ ಆರ್ಚುಲೆಟಾ ಕಾಯುತ್ತಿದ್ದ. ನಿನ್ನ ಜೊತೆ ಶಾಲೆಗೆ ಬರುತ್ತಿದ್ದವನಿಗೂ ಎಪ್ಪತ್ತು ದಾಟಿತಲ್ಲ ಅಕ್ಕ. ಪಿಕಪ್ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿಯುತ್ತಿದ್ದ.

"ಏನ್ ರೂಬೆನ್, ನೀರು ಬಿಡ್ತಿದೀಯಾ?"

"ಕಣ್ಣಿಗೆ ಕಾಣ್ತಿಲ್ವಾ?" ಅಂದೆ.

"ಕಾಣತ್ತಪ್ಪ, ಚೆನ್ನಾಗೇ ಹೋಗ್ತಿದೆ. ನನ್ನ ತೂಬಲ್ಲಿ ಮಾತ್ರ ಒಂದು ಕಪ್ಪೆನೂ ಇಲ್ಲ. ನನ್ನ ತಟ್ಟೆ ದಾಟಿ ಮುಂದಿನವನಿಗೆ ಬಡಿಸ್ತಿದೀಯಲ್ಲ ಮಾರಾಯ!"

ಹೋಗಿ ನೋಡಿದೆ. ಅವನ ತೂಬು ಇರುವುದು ದೊಡ್ಡ ನದಿಯ ಮೇಲಲ್ಲ, ಚಿಕ್ಕವರಿದ್ದಾಗ ನಾವು ಮೀನು ಹಿಡಿಯುತ್ತಿದ್ದ ಪಕ್ಕದ ಕವಲಿನ ಮೇಲೆ. ಆ ಕವಲು ಬದುಕಿದ್ದದ್ದೇ ಹುಲ್ಲುಗಾವಲಿನಿಂದ ಜಿನುಗುವ ನೀರಿನಿಂದ. ಈಗ ಅದನ್ನೆಲ್ಲ ಗುಂಡಿ ಎಳೆದುಕೊಂಡಿದೆ. ನಾನು ಬಿಡುವ ನೀರು ಸೇರುವುದು ಅವನ ತೂಬಿನಿಂದ ಅರ್ಧ ಮೈಲಿ ಕೆಳಗೆ, ದೊಡ್ಡ ನದಿಗೆ. ನದಿಯನ್ನು ಅಳೆದರೆ ಎಲ್ಲ ಸರಿಯಾಗಿದೆ. ಕವಲಿನಲ್ಲಿ ಕಲ್ಲು ಮಾತ್ರ ಉಳಿದಿದೆ.

ಅವನ ಮೆಣಸಿನಗಿಡಗಳು ಹೂ ಬಿಡುವ ಹೊತ್ತಿಗೆ ಬಾಡಿದವು. ಅವನ ಅಜ್ಜ ಸ್ಯಾನ್ ಲೂಯಿಸ್ ಕಣಿವೆಯಿಂದ ಬರುವಾಗ ಕರವಸ್ತ್ರದಲ್ಲಿ ಕಟ್ಟಿ ತಂದ ಬೀಜದ ಸಂತಾನ ಅದು, ಇನ್ನೆಲ್ಲೂ ಇಲ್ಲ. ಎರಡು ವಾರ ನಾವಿಬ್ಬರೂ ಪಿಕಪ್ಪಿನಲ್ಲಿ ಪೀಪಾಯಿ ಹೇರಿಕೊಂಡು ನೀರು ಹೊತ್ತೆವು. ಉಳಿಯಲಿಲ್ಲ. ಬೀಜ ಎತ್ತಿಟ್ಟಿದ್ದೀಯಾ ಎಂದು ಕೇಳಿದೆ.

"ಇದ್ದಿದ್ದನ್ನೆಲ್ಲ ಬಿತ್ತಿದೀನಿ. ವರ್ಷಾ ವರ್ಷಾ ಹಾಗೇ ತಾನೆ? ಹಳೇ ಬೀಜ ಇಟ್ಕೊಳ್ಳೋರು ಸೋಮಾರಿಗಳು" ಅಂದ. ಅಂದವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಏನು ಮಾಡಬೇಕೋ ತಿಳಿಯದವನ ಹಾಗೆ.

ಕಂಪನಿಯ ಮ್ಯಾನೇಜರನ ಹತ್ತಿರ ಹೋದೆ. "ನದಿಗೆ ಕೊಡ್ಬೇಕಾದ್ದನ್ನ ಕೊಡ್ತಿದೀವಲ್ಲ ರೂಬೆನ್? ಎಷ್ಟು ನೀರು, ಎಲ್ಲಿ ಬಿಡ್ತೀವಿ ಅಂತ ಎಲ್ರಿಗೂ ನೋಟಿಸ್ ಹೋಗಿತ್ತು, ಮೂವತ್ತೈದು ದಿನ ಟೈಮ್ ಇತ್ತು. ಒಬ್ರೂ ತಕರಾರು ಮಾಡ್ಲಿಲ್ಲ" ಅಂದ. ಆಮೇಲೆ ನೀರಿನ ಕಮಿಷನರ್ ಟ್ರೇಸಿಗೆ ನಾನೇ ಫೋನ್ ಮಾಡಿದೆ. ನಮ್ಮ ಕಡೆ ಯಾರ ತೂಬಿಗೆ ಎಷ್ಟು ನೀರು ಎಂದು ನೋಡುವವಳು ಅವಳೇ. ರಬ್ಬರ್ ಬೂಟು ಹಾಕಿಕೊಂಡು ಬಂದಳು, ಕವಲಿನುದ್ದಕ್ಕೂ ನಡೆದಳು. ಬೂಟಿಗೆ ತೇವ ಕೂಡ ತಾಗಲಿಲ್ಲ.

"ನೋಟಿಸ್ ಬಂದಾಗ ನೀವ್ಯಾಕೆ ಬರೀಲಿಲ್ಲ, ಆರ್ಚುಲೆಟಾ ಅವ್ರೇ? ಒಂದು ಸಾಲು ಬರೆದಿದ್ರೆ ಆವಾಗ್ಲೇ ನಿಲ್ಲಿಸ್ತಿದ್ದೆ" ಅಂದಳು.

"ನಾನು ಓದ್ಲೇ ಇಲ್ಲಮ್ಮ. ಸೋಮಾರಿ ನಾನು. ಅಂಥ ಕಾಗದ ಬಂದ್ರೆ ಒಲೆ ಹೊತ್ಸೋಕೆ ಇಟ್ಕೋತೀನಿ" ಅಂದ ಯುಸೇಬಿಯೋ. ಟ್ರೇಸಿ ನಕ್ಕಳು, ಅವನೂ ನಕ್ಕ. ನಾನು ನದಿ ಕಡೆ ನೋಡುತ್ತಾ ನಿಂತಿದ್ದೆ.

ಹುಡುಗಿ ಗಟ್ಟಿ. ಗುಂಡಿಯಿಂದ ಕವಲಿನ ಮೇಲ್ತುದಿಗೆ ಬೇರೆ ಪೈಪು ಹಾಕಿ, ಯುಸೇಬಿಯೋನ ಪಾಲನ್ನು ಅಲ್ಲೇ ಬಿಡಬೇಕು ಎಂದು ಕಂಪನಿಗೆ ಬರೆದಳು. ಅವರೂ ಒಪ್ಪಿದ್ದಾರೆ. ಮಾರ್ಚ್ ಹೊತ್ತಿಗೆ ಕವಲಿಗೆ ನೀರು ಬರುತ್ತದೆ. ಬಿತ್ತಲು ಬೀಜ ಮಾತ್ರ ಇಲ್ಲ.

ಅಕ್ಕ, ಹೋದ ವರ್ಷವೂ ಅವನು ನಿನಗೆ ಒಂದು ಸರ ಒಣಮೆಣಸಿನಕಾಯಿ ಕಳಿಸಿದ್ದನಲ್ಲ? ನಿನ್ನ ಅಡುಗೆಮನೆಯ ಕಿಟಕಿಯಲ್ಲಿ ಅದು ಇನ್ನೂ ತೂಗುತ್ತಿರಬೇಕು. ಎಷ್ಟು ಉಳಿದಿವೆ? ಹತ್ತಾದರೂ ಸರಿ, ಮೂರಾದರೂ ಸರಿ. ಇವತ್ತಿನಿಂದ ಒಂದನ್ನೂ ಸಾರಿಗೆ ಹಾಕಬೇಡ. ಒಡೆಯದೆ, ಬಿಸಿ ತಾಗಿಸದೆ, ಕಾಗದದಲ್ಲಿ ಸುತ್ತಿ ನನಗೆ ಕಳಿಸು. ಅದರೊಳಗಿನ ಬೀಜವೇ ಈಗ ಉಳಿದಿರುವುದು.

ಆರೋಗ್ಯ ನೋಡಿಕೋ, ಮೆಟ್ಟಿಲು ಹತ್ತಬೇಡ. ದೇವರು ನಿನ್ನ ಸೊಂಟವನ್ನೂ ನನ್ನ ತಲೆಯನ್ನೂ ಕಾಯಲಿ. ಪ್ರಾರ್ಥನೆಯಲ್ಲಿ ನನ್ನ ಹೆಸರನ್ನು ಬಿಡಬೇಡ, ಈ ವರ್ಷವಂತೂ ಬಿಡಬೇಡ.

ನಿನ್ನ ತಮ್ಮ,
ರೂಬೆನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಯುಸೇಬಿಯೋ ಆ ನೋಟಿಸನ್ನು ಒಲೆಗೆ ಹಾಕಿರಲಿಲ್ಲ. ಬಂದ ದಿನವೇ ನನ್ನ ಮನೆಗೆ ತಂದು, "ನಿಂಗೆ ಇದೆಲ್ಲ ತಿಳಿಯತ್ತೆ, ನಾನೇನಾದ್ರೂ ಬರೀಬೇಕಾ ನೋಡು" ಅಂದಿದ್ದ. ನೀರು ಎಷ್ಟು ಎಂದು ನೋಡಿದೆ, ಎಲ್ಲಿ ಎಂದು ನೋಡಲಿಲ್ಲ. "ಏನೂ ಬೇಡ, ಸುಮ್ನೆ ಕಾಗದ ಅದು" ಅಂದುಬಿಟ್ಟೆ. ಕಂಪನಿ ನನಗೆ ಈ ಕೆಲಸ ಕೊಡುತ್ತೇನೆ ಎಂದು ಹೇಳಿದ್ದು ಅದೇ ವಾರ. ನಾನು ಕಾಣದೆ ಹೋದೆನೋ, ಕಾಣಲು ಇಷ್ಟವಿರಲಿಲ್ಲವೋ, ನನಗೇ ಗೊತ್ತಿಲ್ಲ ಅಕ್ಕ. ಟ್ರೇಸಿ ಹೋದ ಮೇಲೆ ಅವನು ಜೇಬಿನಿಂದ ಆ ನೋಟಿಸನ್ನು ತೆಗೆದು ನನ್ನ ಕೈಗೆ ಕೊಟ್ಟ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ: 'ರೂಬೆನ್ ನೋಡಿದಾನೆ. ತೊಂದ್ರೆ ಇಲ್ಲ.' ಅದು ಈ ಲಕೋಟೆಯಲ್ಲೇ ಇದೆ. ನನ್ನ ಹತ್ತಿರ ಇಟ್ಟುಕೊಂಡರೆ ಒಲೆಗೆ ಹಾಕಿಬಿಡುತ್ತೇನೇನೋ ಎಂದು ಭಯ. ಮೆಣಸಿನಕಾಯಿ ಕಳಿಸುವಾಗ ಅದನ್ನೂ ಕಳಿಸು. ಬೀಜ ಅವನಿಗೆ ಕೊಟ್ಟು, ಆ ಕಾಗದ ಹಿಡಿದುಕೊಂಡು ಟ್ರೇಸಿಯ ಹತ್ತಿರ ಹೋಗುತ್ತೇನೆ.