ಎರಡು ವರ್ಷ ಚಿಕ್ಕವನು

ಭಾಂಡುಪ್, ಮುಂಬಯಿ
೧೪-೨-೧೯೮೯

ಪ್ರೀತಿಯ ಮರೆಪ್ಪನಿಗೆ,

ತಿರುಮಲೇಶನ ನಮಸ್ಕಾರ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನಿನಗೆ ಮೊಮ್ಮಗಳು ಹುಟ್ಟಿದ್ದು ಓದಿ ನನ್ನ ವಿಮಲಾ ಬಹಳ ಸಂತೋಷಪಟ್ಟಳು. ನಾನು ಮಾತ್ರ ಮೊನ್ನೆ ಭಾನುವಾರದಿಂದ ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಿಲ್ಲ.

ಅವತ್ತು ಹಿರಿಯರ ಓಟದ ಕೂಟವಿತ್ತು. ಐದು ಸಾವಿರ ಮೀಟರಿನಲ್ಲಿ ಏಳನೆಯವನಾದೆ. ಹತ್ತೊಂಬತ್ತು ನಿಮಿಷ ಐವತ್ತೈದು ಸೆಕೆಂಡು! ಇಪ್ಪತ್ತೆಂಟರ ವಯಸ್ಸಿನಲ್ಲಿ ಹದಿನೈದು ನಲವತ್ತಕ್ಕೆ ಮುಗಿಸುತ್ತಿದ್ದ ಕಾಲುಗಳಿವು. ನಲವತ್ತರವರೆಗೆ ವರ್ಷಕ್ಕೆ ಆರೇಳು ಸೆಕೆಂಡು ಹೋಗುತ್ತಿತ್ತು, ಸಹಿಸಿಕೊಂಡೆ. ಐವತ್ತು ದಾಟಿದ ಮೇಲೆ ವರ್ಷಕ್ಕೆ ಹದಿನಾಲ್ಕು. ದಿನಾ ಐದಕ್ಕೆದ್ದು ಪವಾಯಿ ಕೆರೆಯವರೆಗೆ ಓಡಿ ಬರುತ್ತೇನೆ, ಕರಿದದ್ದು ಮುಟ್ಟುವುದಿಲ್ಲ. ಆದರೂ ಕಾಲು ಹೇಳಿದ ಮಾತು ಕೇಳುವುದಿಲ್ಲ. ಯಾರನ್ನು ಬೈಯಲಿ?

ಹೊಟ್ಟೆ ಉರಿಸಿದ್ದು ಅದಲ್ಲ. ನಮ್ಮಲ್ಲಿ ಐದೈದು ವರ್ಷಕ್ಕೊಂದು ಗುಂಪು. ನನಗೆ ನಿಜವಾಗಿ ಐವತ್ತಾರು, ಶಾಲೆಯ ಸರ್ಟಿಫಿಕೇಟಿನಲ್ಲಿ ಐವತ್ತನಾಲ್ಕು. ಹೆಡ್‌ಮಾಸ್ತರರು ಅಂದಾಜಿಗೆ ಒಂದು ತಾರೀಖು ಬರೆದುಬಿಟ್ಟರು. ಆ ಕಾಲದಲ್ಲಿ ಯಾರ ಮನೆಯಲ್ಲಿ ಹಾಗಾಗಿಲ್ಲ? ಅದಕ್ಕೇ ಐವತ್ತರ ಹುಡುಗರ ಜೊತೆ ಓಡಬೇಕು. ಐವತ್ತೈದರ ಗುಂಪಿನಲ್ಲಿ ಗೆದ್ದವನು ನನಗಿಂತ ಹದಿನೈದು ಸೆಕೆಂಡು ನಿಧಾನ! ಅವನ ಕೊರಳಿಗೆ ಮೆಡಲು, ನನ್ನ ಕೈಗೆ ಒಂದು ಬಾಳೆಹಣ್ಣು.

ಕೂಟ ನಡೆಸುವ ಶೇಖರ, ಮಂಗಳೂರಿನ ಕಡೆಯವರು, "ಬೊಬ್ಬೆ ಹೊಡೆದು ಏನು ಪ್ರಯೋಜನ ಮಾರಾಯ್ರೆ? ಜಾತಕ ತನ್ನಿ, ಜೊತೆಗೆ ಓದಿದವರ ಒಂದು ಲೆಟರ್ ತನ್ನಿ, ಮುಂದಿನ ಸಲ ಗ್ರೂಪ್ ಚೇಂಜ್ ಮಾಡುವ" ಎಂದರು. ವಿಮಲಾ, "ಒಂದು ಮೆಡಲಿಗೋಸ್ಕರ ಫ್ಯಾಕ್ಟರಿಯವರಿಗೆ ನಿಜ ವಯಸ್ಸು ಗೊತ್ತಾಗಿ ಎರಡು ವರ್ಷದ ಸರ್ವಿಸ್ ಹೋದ್ರೆ? ನಿಮಗೆಲ್ಲೋ ತಲೆ ಕೆಟ್ಟಿದೆ" ಅನ್ನುತ್ತಾಳೆ. ಕೆಡಲಿ. ಮೂವತ್ತೆಂಟು ವರ್ಷದಿಂದ ಓಡುತ್ತಿದ್ದೇನೆ. ನನ್ನ ವಯಸ್ಸಿನವರ ಜೊತೆ ಒಂದು ಸಲ ಓಡಿ ಗೆಲ್ಲಬೇಕು.

ಜಾತಕ ಇದೆ. ಕಾಗದ ನೀನು ಬರೆದುಕೊಡಬೇಕು. ನಾವಿಬ್ಬರೂ ಒಂದೇ ವಾರಿಗೆಯವರು ಅಂತ ನೀನು ತಿಳಿದಿದ್ದೀಯ, ಪರವಾಗಿಲ್ಲ. ತಿರುಮಲೇಶ ನನಗಿಂತ ಎರಡು ವರ್ಷ ದೊಡ್ಡವನು ಎಂದು ಎರಡು ಸಾಲು ಬರೆದು ಸಹಿ ಹಾಕು.

ಬಿಸಿಲು ಏರುತ್ತಿದೆ, ರಸ್ತೆಗೆ ಟಾರು ಹಾಕುವಾಗ ತಲೆಗೆ ಟವೆಲು ಸುತ್ತಿಕೋ. ಮೊಮ್ಮಗಳು ನೂರು ವರ್ಷ ಬಾಳಲಿ.

ನಿನ್ನ
ತಿರುಮಲೇಶ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮತ್ತೊಮ್ಮೆ ಓದಿದೆ. ಆ ಕಾಗದ ಬರೆಯಬೇಡ. ಹೆಡ್‌ಮಾಸ್ತರರದು ಅಂದಾಜಲ್ಲ. ಐವತ್ತೊಂದನೇ ಇಸವಿಯ ಜಿಲ್ಲಾ ಓಟಕ್ಕೆ ಹದಿನೇಳರ ಒಳಗಿನವರೇ ಆಗಬೇಕಿತ್ತು, ನನಗೆ ಹದಿನೆಂಟಾಗಿತ್ತು. ಅಪ್ಪ ಹೋಗಿ ಕೇಳಿಕೊಂಡು ತಾರೀಖು ತಿದ್ದಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನಿನಗೆ ಆಗ ನಿಜವಾಗಿಯೂ ಹದಿನಾರು, ಆದರೂ ನನ್ನ ಬೆನ್ನಿಗೇ ಎರಡನೆಯವನಾಗಿ ಬಂದೆ. ಗೆದ್ದವನನ್ನು ಮುಂಬಯಿಯ ಈ ಕಾರ್ಖಾನೆಯವರು ಅಪ್ರೆಂಟಿಸ್ ಮಾಡಿಕೊಂಡರು. ನ್ಯಾಯವಾಗಿ ಅವತ್ತು ಮೊದಲು ಬಂದವನು ನೀನು, ಮರೆಪ್ಪ. ಸ್ಟೇಷನ್ನಿನಲ್ಲಿ ಹಾರ ಹಾಕಿ ನನ್ನನ್ನು ಕಳಿಸಿಕೊಟ್ಟವನೂ ನೀನೇ.