ಜಟ್ಟೆಮ್ಮ ಕೊಟ್ಟ ಎಲೆ

ಶನಿವಾರ, ಜೂನ್ 14

ಇವತ್ತಿನ ಗುಂಪುಚರ್ಚೆಯಲ್ಲಿ ನಾನು ನೋಡಿದ್ದೇನು ಅನ್ನುವುದೇ ತಿಳಿಯುತ್ತಿಲ್ಲ. ಕೆ.ಆರ್. ಪುರದ ವಠಾರದಲ್ಲಿ ರಾಯಚೂರು ಕಡೆಯ ಆರು ಹೆಂಗಸರು. ದಿನಾ ನೀರು ಬಿಡಿ ಎಂದು ಮನೆ ಓನರ್‌ಗೆ ಯಾರು ಹೇಳಬೇಕು ಎಂಬುದೇ ಚರ್ಚೆ. ಚರ್ಚೆಯನ್ನು ಗಮನಿಸಿ ಬರೆದುಕೊಳ್ಳಲು ಹೋಗಿದ್ದ ನಾನು, ಯಾರು ಎಷ್ಟು ಸಲ ಮಾತಾಡಿದರು ಎಂದು ಹಾಳೆಯಲ್ಲಿ ಗೆರೆ ಎಳೆಯುತ್ತಿದ್ದೆ. ಹಿರಿಯರಾದ ಜಟ್ಟೆಮ್ಮನ ಹೆಸರಿನ ಮುಂದೆ ಒಂದೂ ಗೆರೆಯಿಲ್ಲ. ಸುಮ್ಮನೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೊನೆಗೆ ಅದನ್ನು ಮಡಚಿ ನನ್ನತ್ತ ಚಾಚಿದರು. "ನಾನು ಹಾಕಲ್ಲ, ಬೇಡಮ್ಮ" ಎಂದೆ. ಎಲ್ಲರೂ ಸುಮ್ಮನಾದರು. 'ಮೌನ, ಎರಡು ನಿಮಿಷ' ಎಂದೂ ಬರೆದುಕೊಂಡೆ.

ಹೊರಡುವಾಗ ಆ ಆರು ಮಂದಿಯಲ್ಲಿ ಒಬ್ಬಳಾದ ಶಾಂಭವಿ ಕೇಳಿದಳು: "ಯಾಕ್ರೀ ಮೇಡಂ, ಓನರ್ ಕಡೆ ನೀವು ಹೋಗಂಗಿಲ್ಲೇನ್ರೀ? ಆಕಿ ಎಲಿ ಕೊಟ್ರ ಕೆಲಸ ಒಪ್ಪಿಸಿದಂಗರೀ."

ಗಮನಿಸುವವರು ಚರ್ಚೆಯಲ್ಲಿ ತಲೆಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಅವರ ತೀರ್ಮಾನಕ್ಕೆ ಬೇಡ ಎಂದವಳು ನಾನೇ. ನಾನಾಡಿದ ಆ ಒಂದು ಮಾತಿನ ಗೆರೆಯನ್ನು ಈಗ ಎಲ್ಲಿ ಎಳೆಯಲಿ? ಹಾಳೆಯಲ್ಲಿ ನನ್ನ ಹೆಸರೇ ಇಲ್ಲ.