ಮಾರ್ಜಿನ್‌ಗೆ ಇಟ್ಟ ಬಾಟಲಿ

ಮೇ 3, ಬೆಳಗ್ಗೆ 9
ಅಂಗಡಿ ತೆರೆದೆ. ಮೂರು ಪ್ಯಾಂಟು, ಒಂದು ಕೋಟು ಕತ್ತರಿಸಬೇಕು. ಕುಡಿಯದೆ ಆರನೇ ದಿನ. ಕೈನಡುಕ ಕಡಿಮೆ. ಕೌನ್ಸೆಲರ್ ಮೇಡಂ ಕೊಟ್ಟ ಚಾರ್ಟನ್ನು ಕನ್ನಡಿ ಪಕ್ಕ ಅಂಟಿಸಿದ್ದೇನೆ. ಐದು ಹಂತ — ಯೋಚನೆಯೇ ಇಲ್ಲ, ಯೋಚನೆ ಇದೆ, ತಯಾರಿ, ಬಿಡುವುದು, ಬಿಟ್ಟೇ ಇರುವುದು. ದಿನಾ ಒಂದಕ್ಕೆ ಗುರುತು ಹಾಕಬೇಕು. ನಾಲ್ಕರಲ್ಲಿ ಒಂದು ತಿಂಗಳು ನಿಂತರೆ ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ಅಣ್ಣನ ಮನೆಯಿಂದ ಬರುತ್ತಾಳಂತೆ. ನಾಲ್ಕಕ್ಕೇ ಹಾಕಿದೆ. ಯಾಕೋ ಕಸಿವಿಸಿ.

ಮೇ 5
“ತಯಾರಿ ಆಯ್ತಾ? ಮನೇಲಿ ಏನೂ ಇಟ್ಟಿಲ್ಲ ತಾನೆ?” ಎಂದರು ಮೇಡಂ.
“ಒಂದು ಕ್ವಾರ್ಟರ್ ಇದೆ. ಮಾರ್ಜಿನ್‌ಗೆ.”
ಅವರು ಕಣ್ಣು ಕಣ್ಣು ಬಿಟ್ಟರು. ಹೇಳಿದೆ — ಹೊಲಿಗೆ ಒಳಗೆ ಒಂದಿಂಚು ಬಟ್ಟೆ ಬಿಡದೆ ಯಾವ ಕಟಿಂಗ್ ಮಾಸ್ಟರೂ ಕತ್ತರಿ ಹಾಕುವುದಿಲ್ಲ. ನಾಳೆ ಬಿಗಿಯಾದರೆ?
“ಬಟ್ಟೆಗೆ ಸರಿ. ಇದಕ್ಕೆ ಜಾಗ ಬಿಟ್ರೆ ಬಂದು ಕೂತ್ಕೊಳ್ಳುತ್ತೆ.”
ಇಪ್ಪತ್ತೆರಡು ವರ್ಷದ ಕಸುಬು. ಮಾರ್ಜಿನ್ ಬಿಡುವುದು ತಪ್ಪು ಅಂತ ಇವತ್ತೇ ಕೇಳಿದ್ದು. ಬಾಟಲಿ ಚೆಲ್ಲಲಿಲ್ಲ. ಗುರುತು — ಮೂರಕ್ಕೋ, ನಾಲ್ಕಕ್ಕೋ...

ಮೇ 6
ಇದ್ದಲ್ಲೇ ಇದೆ. ಮೂರು ಸಲ ನೋಡಿದೆ.

ಮೇ 12, ಸಂಜೆ
ಬರೆಯಲು ಮುಖವಿಲ್ಲ. ಆ ಕ್ವಾರ್ಟರ್ ಮುಗಿಯಿತು. ಅದರ ಮೇಲೆ ಇನ್ನೂ ಮೂರು. ಗಿರಾಕಿಯ ಕೋಟಿನ ತೋಳು ಗಿಡ್ಡವಾಯಿತು. ನಾಚಿಕೆ.
ಮೇಡಂ ಬೈಯಲಿಲ್ಲ. “ಜಾರೋದೂ ಈ ದಾರೀಲೇ ಇದೆ. ಎದ್ದು ಬನ್ನಿ.”
ಹಾಗಾದರೆ ನಾನು ದಾರಿ ತಪ್ಪಿದೆನೋ, ದಾರಿಯಲ್ಲೇ ಇದ್ದೇನೋ? ಬೈದಿದ್ದರೆ ಸಲೀಸಾಗಿತ್ತು.

ಮೇ 29, ಮಧ್ಯಾಹ್ನ 2
ಹದಿನಾರು ದಿನ ಮುಟ್ಟಿಲ್ಲ. ಹೆಂಡತಿಯ ಫೋನು.
“ಯಾವ ಹಂತದಲ್ಲಿದ್ದೀರಿ?”
ಜಾರಿದ್ದನ್ನು ಹೇಳಿಬಿಟ್ಟೆ. ಅದೂ ಇದರಲ್ಲೇ ಸೇರಿದೆಯಂತೆ ಎಂದೂ ಹೇಳಿದೆ.
“ಓಹೋ. ಮಗೂನ ಕಟ್ಕೊಂಡು ನಾನು ಮನೆ ಬಿಟ್ಟು ಬಂದೆನಲ್ಲ, ಅದು ಎಷ್ಟನೇ ಹಂತ?”
ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.
“ಇವಳಿಗೆ ಮುಂದಿನ ವಾರ ಸ್ಕೂಲು ಶುರು. ಬರ್ಲಾ, ಬೇಡ್ವಾ? ನೀವೇ ಹೇಳಿ.”
ಬಾ ಎನ್ನಲು ಬಾಯಿ ತೆರೆದೆ. ಮನೆ ಬಿಕೋ ಎನ್ನುತ್ತಿದೆ. ಹದಿನಾರು ದಿನ ಸಾಕೋ, ಸಾಲದೋ... “ಈಗ್ಲೇ ಬೇಡ” ಎಂದುಬಿಟ್ಟೆ.
“ಇಷ್ಟು ವರ್ಷದಲ್ಲಿ ಇದೊಂದು ನಿಜ ಹೇಳಿದ್ರಿ” ಎಂದು ಫೋನ್ ಇಟ್ಟಳು.
ಮೆಚ್ಚಿ ಹೇಳಿದಳೋ, ಮುಗಿಸಿ ಹೇಳಿದಳೋ? ಚಾರ್ಟ್ ನೋಡಿದೆ. ಏನೂ ತಿಳಿಯಲಿಲ್ಲ.

ಅದೇ ದಿನ, 4 ಗಂಟೆ
ಮತ್ತೆ ಅವಳೇ. “ಯೂನಿಫಾರ್ಮ್ ನೀವೇ ಹೊಲೀರಿ. ಅಳತೆ ಹೇಳ್ತೀನಿ, ಬರ್ಕೊಳ್ಳಿ.” ಕಳಿಸಬೇಕೋ, ಬಂದು ಒಯ್ಯುತ್ತಾಳೋ — ಕೇಳಲು ಧೈರ್ಯವಿಲ್ಲ. ಫೋನ್ ಕಿವಿಗೆ, ಪೆನ್ನು ಈ ಪುಟದಲ್ಲೇ.
ಭುಜ ಹನ್ನೊಂದು. ಎದೆ ಇಪ್ಪತ್ತೈದೂವರೆ. ಉದ್ದ — ಇಷ್ಟು ಬೆಳೆದಳಾ...